ಫೋಟೋಕ್ಕೆ ಹಿಡಿದ ಮ್ಯಾಂಡೋಲಿನ್

ಕೆಲವರ ಮನೆಗೆ ಫಜೀತಿಗಳು ಕರೆಯದೇ ಬರುತ್ತವೆ. ನಾನು ಮಾತ್ರ ಅವನ್ನು ಕರೆದು, ಚಹಾ ಕೊಟ್ಟು ಕೂರಿಸಿಕೊಳ್ಳುವವ.

೧. ಒಪ್ಪಿಕೊಂಡದ್ದು

ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ರೂಮಿನ ಗೆಳೆಯನ ಮ್ಯಾಂಡೋಲಿನ್ ಎತ್ತಿಕೊಂಡು ಒಂದು ಫೋಟೋ ತೆಗೆಸಿಕೊಂಡಿದ್ದೆ. ಬೆಳಗಾವಿಯ ಹೆಣ್ಣಿನ ಮನೆಗೆ ಕಳಿಸಲು ಅಪ್ಪನ ಕೈಗೆ ಸಿಕ್ಕಿದ್ದು ಅದೇ ಫೋಟೋ. ಹುಡುಗ ಮ್ಯಾಂಡೋಲಿನ್ ನುಡಿಸುತ್ತಾನೆ ಎಂದು ಅಲ್ಲಿ ಸುದ್ದಿಯಾಯಿತು. ನಾನು ಇಲ್ಲ ಅನ್ನಲಿಲ್ಲ. ವಾದ್ಯ ಊರಲ್ಲೇ ಉಳಿಯಿತು ಎಂದು ಹೇಳುತ್ತ ಇಪ್ಪತ್ತೆರಡು ವರ್ಷ ಸಂಸಾರ ತಳ್ಳಿದೆ.

ಈ ಸಲ ಪುಣೆಯ ಖರಾಡಿಯಲ್ಲಿ ನಾವಿರುವ ಸೊಸೈಟಿಯ ಗಣಪತಿ ಹಬ್ಬದ ಮೀಟಿಂಗಿಗೆ ಹೋದ ಹೆಂಡತಿ, ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿ ಬಂದಳು. ಹಬ್ಬಕ್ಕೆ ಎರಡೇ ತಿಂಗಳು.

"ಹೊಸಾ ಮ್ಯಾಂಡೋಲಿನ್ ಒಂದು ತಗೋರಿ. ಭಾಳ ತುಟ್ಟಿದು ಬ್ಯಾಡ್ರಿ, ಆದ್ರ ನಾದ ಛಲೋ ಇರಬೇಕು. ನಿಮಗ ನಾ ಏನ್ ಹೇಳೂದು" ಎಂದಳು.

ಇಷ್ಟು ವರ್ಷ ಆದ ಮೇಲೆ ಅವಳ ಮುಂದೆ ಸುಳ್ಳುಗಾರನಾಗಿ ನಿಲ್ಲಬೇಕಲ್ಲ ಎಂಬ ಹೆದರಿಕೆಗೆ ನನಗೆ ಊಟ ಸೇರದಾಯಿತು. ಕಲಾವಿದರಿಗೆ ಹೀಗೇ ಆಗುತ್ತದೆ ಎಂದು ಅವಳು ನಿಂಬೆಹಣ್ಣಿನ ಶರಬತ್ತು ಮಾಡಿಕೊಟ್ಟಳು.

೨. ತಪಾಸಣೆ

ನಾನು ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸಿ ಪಾಸು, ನಪಾಸು ಮಾಡುವವ. ವಾದ್ಯದ ಅಂಗಡಿಗೂ ಅಳತೆಯ ಗೇಜು ಇಟ್ಟುಕೊಂಡೇ ಹೋದೆ. ಕೈಗೆಟಕುವ ಬೆಲೆಯ ಮೂರು ಮ್ಯಾಂಡೋಲಿನ್‌ಗಳನ್ನು ಅಂಗಡಿಯ ಅಜ್ಜ ಮುಂದಿಟ್ಟರು. ತಂತಿ ಎಷ್ಟು ಮೇಲಿದೆ, ಮೂಲೆ ಎಲ್ಲಿ ಸೊಟ್ಟಗಿದೆ, ಪಾಲಿಶ್ ಎಲ್ಲಿ ಹಾರಿದೆ ಎಂದು ನೋಡಿ ಎರಡನ್ನು ಪಕ್ಕಕ್ಕೆ ಸರಿಸಿದೆ. ಫಳಫಳ ಹೊಳೆಯುವುದು ಪಾಸಾಯಿತು.

ಅಜ್ಜ ಸುಮ್ಮನೆ ನೋಡುತ್ತಿದ್ದವರು, ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಲು ಹೇಳಿ, ಮೂರರಲ್ಲೂ ಒಂದೇ ರಾಗ ನುಡಿಸಿದರು. ಮೊದಲನೆಯದು ಡಬ್ಬಿಯ ಮುಚ್ಚಳ ಬಡಿದಂತಿತ್ತು. ಎರಡನೆಯದು ಪರವಾಗಿಲ್ಲ. ಮೂರನೆಯದರ ನಾದ ಅಂಗಡಿ ತುಂಬ ನಿಂತಿತು, ನನಗೆ ಮೈ ಜುಮ್ಮೆಂದಿತು. ಇದೇ ಬೇಕು ಎಂದು ತಿರುಗಿ ನೋಡಿದರೆ ಪಾಲಿಶ್ ಹಾರಿದ್ದಕ್ಕೆ ನಾನು ನಪಾಸು ಮಾಡಿದ್ದು. ಮೇಲಿನ ಹಲಗೆ ಪ್ಲೈವುಡ್ ಅಲ್ಲ, ಒಂದೇ ಮರದ್ದು, ಅದಕ್ಕೇ ಈ ದನಿ ಎಂದರು ಅಜ್ಜ. ಮುಚ್ಚಳದ ದನಿಯದು ನಾನು ಪಾಸು ಮಾಡಿದ್ದು.

ಬಿಲ್ಲು ಕೊಡುವಾಗ, ನಿಮ್ಮ ಕಂಪನಿಯಲ್ಲಿ ಏನೇನು ತಯಾರಾಗುತ್ತದೆ ಎಂದು ಅಜ್ಜ ಮರಾಠಿಯಲ್ಲಿ ಕೇಳಿದರು. ಬ್ರೇಕಿನ ಭಾಗಗಳು ಎಂದೆ. ಅವತ್ತಿನಿಂದ ಅವರು ಸ್ಕೂಟರ್ ಬಹಳ ನಿಧಾನ ಓಡಿಸುತ್ತಾರಂತೆ.

೩. ಒಂದೇ ಸಾಲು

ರವಿವಾರ ಅಜ್ಜನ ಹತ್ತಿರ ಪಾಠ. ಅಭ್ಯಾಸ ಮಾತ್ರ ಮನೆಯಲ್ಲಿ ಮಾಡುವಂತಿರಲಿಲ್ಲ, ಬಣ್ಣ ಬಯಲಾಗುತ್ತಿತ್ತು. ಕಂಪನಿ ಬಸ್ಸಿನ ಹಿಂದಿನ ಸೀಟು ಹಿಡಿದೆ. ಕಲಿತದ್ದು ಒಂದು ದೇವರನಾಮ. ಮೊದಲ ಸಾಲು ಬೇಗ ಬಂತು, ಎರಡನೆಯದರ ಅರ್ಧಕ್ಕೆ ಬೆರಳು ತಪ್ಪಿ ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ. ಹೀಗೆ ಆರು ವಾರ.

ಒಂದು ದಿನ ಮ್ಯಾನೇಜರ್ ನನ್ನನ್ನು ಕರೆದರು. ಮಷೀನು ನಡೆಸುವ ಹುಡುಗರು, ಕ್ಯಾಂಟೀನಿನ ಅಡುಗೆಯವರು, ಗೇಟಿನ ವಾಚ್‌ಮನ್ ಎಲ್ಲರೂ ಒಂದೇ ಹಾಡು ಗುನುಗುತ್ತಾರೆ, ಎಲ್ಲರೂ ಒಂದೇ ಜಾಗದಲ್ಲಿ ನಿಲ್ಲಿಸುತ್ತಾರೆ, ಏನಿದು ಎಂದು ಕೇಳಿದರು. ನಾನು ತಪ್ಪೊಪ್ಪಿಕೊಂಡೆ. ಅವರು ಬಾಗಿಲು ಹಾಕಿ, ದನಿ ತಗ್ಗಿಸಿ, ಮುಂದಿನದನ್ನು ಆದಷ್ಟು ಬೇಗ ಕಲಿಯಿರಿ, ತಮಗೂ ಅಲ್ಲೇ ನಿಲ್ಲುತ್ತಿದೆ ಎಂದರು.

೪. ಹಬ್ಬ

ಹಬ್ಬದ ಸಂಜೆ ವೇದಿಕೆ ಹತ್ತಿದೆ. ಹೆಂಡತಿ ಮೊದಲ ಸಾಲಿನಲ್ಲಿ, ಜರಿಸೀರೆಯಲ್ಲಿ. ಮೊದಲ ಸಾಲು ನುಡಿಸಿದೆ. ನಿಜ ಹೇಳುತ್ತೇನೆ, ಆ ನಾದಕ್ಕೆ ಜನ ಮಾತು ನಿಲ್ಲಿಸಿದರು. ಎರಡನೆಯ ಸಾಲಿನ ಅರ್ಧಕ್ಕೆ ಬಂದೆ, ಬೆರಳು ನಿಂತೇಬಿಟ್ಟಿತು. ಅದೇ ಹೊತ್ತಿಗೆ ಪಕ್ಕದ ಗಲ್ಲಿಯ ಗಣಪತಿ ಮಂಡಳದವರು ಢೋಲು ತಾಶೆ ಬಡಿಯಲು ಶುರು ಮಾಡಿದರು. ನಾನು ಕಣ್ಣು ಮುಚ್ಚಿ, ತಲೆ ತೂಗುತ್ತ, ಎಂಟು ನಿಮಿಷ ಕೈ ಆಡಿಸಿದೆ. ಒಂದು ಸ್ವರವೂ ಯಾರಿಗೂ ಕೇಳಿಸಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಗಣಪತಿಗೆ ಅಷ್ಟು ಮನಸಾರೆ ನಾನು ಎಂದೂ ಕೈ ಮುಗಿದಿರಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಹೆಂಡತಿ ನನ್ನನ್ನು ಹೊಗಳಿದಳು. ಅದು ನನಗೆ ತಡೆಯಲಾಗಲಿಲ್ಲ. ನುಡಿಸಲು ಬರುವುದಿಲ್ಲ, ಎಂದೂ ಬರುತ್ತಿರಲಿಲ್ಲ ಎಂದು ಎಲ್ಲ ಹೇಳಿಬಿಟ್ಟೆ.

ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು. ಆಮೇಲೆ ದೊಡ್ಡ ಉಸಿರು ಬಿಟ್ಟು, "ಮನಸ್ಸು ಭಾಳ ಹಗರ ಆತ್ರಿ" ಎಂದು ತನ್ನದೊಂದು ಗುಟ್ಟನ್ನೂ ಹೇಳಿದಳು.

ನಾವು ಹೆಣ್ಣು ನೋಡಲು ಹೋದಾಗ ಅವರ ಮನೆಯಲ್ಲಿ ಮಂಡಿಗೆ ಬಡಿಸಿದ್ದರು. ಬೋರಲು ಹಾಕಿದ ಗಡಿಗೆಯ ಮೇಲೆ ಬೇಯಿಸುವ, ಕಾಗದದಷ್ಟು ತೆಳ್ಳಗಿನ ಆ ಸಿಹಿಯನ್ನು ಹುಡುಗಿಯೇ ಮಾಡಿದ್ದಾಳೆ ಎಂದು ಹೇಳಿದ್ದಕ್ಕೇ ನನ್ನ ಅವ್ವ ಅಲ್ಲೇ ಒಪ್ಪಿದ್ದಳು. ಮಾಡಿದ್ದು ಇವಳು ಕಾಕು ಎಂದು ಕರೆಯುವ ಪಕ್ಕದ ಮನೆಯ ಹೆಂಗಸಂತೆ. ಅವ್ವ ಪುಣೆಗೆ ಬಂದಾಗಲೆಲ್ಲ, ಎಲ್ಲಿ ಮಂಡಿಗೆ ಮಾಡು ಅನ್ನುತ್ತಾಳೋ ಎಂದು ಇವಳು ಹೆದರುತ್ತಿದ್ದಳಂತೆ.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟರಲ್ಲಿ ಫೋನು ಬಂತು. ಹಬ್ಬದ ಸುದ್ದಿ ಊರಿಗೆ ಮುಟ್ಟಿ ಅವ್ವ ನಾಳೆಯೇ ಬರುತ್ತಾಳಂತೆ, ಮಗನ ಮ್ಯಾಂಡೋಲಿನ್ ಕೇಳಲು.

ಹೆಂಡತಿ ಗಾಬರಿಯಾಗಲಿಲ್ಲ. "ನೀವು ತಂತಿ ಹರದಾವ ಅನ್ರಿ, ನಾ ಗಡಗಿ ಒಡದದ ಅಂತೀನಿ" ಎಂದಳು.