ಅಟ್ಟ ಹತ್ತಿದ ಕಾಸ್ಟ್ ಅಕೌಂಟೆಂಟ್

“ಅಣೆಕಟ್ಟು ಮುಗಿಯೋದ್ರೊಳಗೆ ನಾನು ಕಾಸ್ಟ್ ಅಕೌಂಟೆಂಟ್ ಆಗ್ಲಿಲ್ಲ ಅಂದ್ರೆ ನನ್ನ ಹೆಸರು ಸೀತಾರಾಮಪ್ಪನೇ ಅಲ್ಲ!”

ಸಾಗರದ ಬಾಡಿಗೆ ಮನೆಯಲ್ಲಿ ಹೀಗೆ ಗುಡುಗಿದವನು ಲಿಂಗನಮಕ್ಕಿ ಅಣೆಕಟ್ಟು ಕೆಲಸದ ಸ್ಟೋರಿನ ಗುಮಾಸ್ತ. ಗುಡುಗಲು ಕಾರಣವೂ ಇತ್ತು. ಅಣೆಕಟ್ಟು ಎದ್ದು ನಿಂತರೆ ಸ್ಟೋರು ಮುಚ್ಚುತ್ತದೆ, ಗುಮಾಸ್ತ ಮನೆಗೆ! ಖರ್ಚುವೆಚ್ಚದ ಲೆಕ್ಕ ಹಾಕುವ ಈ ಕಾಸ್ಟ್ ಅಕೌಂಟೆಂಟ್ ಪರೀಕ್ಷೆ ಪಾಸಾದರೆ ಯಾವುದಾದರೂ ಕಾರ್ಖಾನೆಯಲ್ಲಿ ಕುರ್ಚಿ ಸಿಕ್ಕೀತು. ಅದಕ್ಕೇ ಕಲ್ಕತ್ತೆಯಿಂದ ಅಂಚೆಯಲ್ಲಿ ಪಾಠ ತರಿಸಿಕೊಂಡು ಓದುತ್ತಿದ್ದ.

ಆ ವಾರದ ಪಾಠದಲ್ಲಿತ್ತು: ಉಗ್ರಾಣಕ್ಕೆ ಮೊದಲು ಬಂದ ಸರಕು ಮೊದಲು ಹೊರಗೆ ಹೋಗಬೇಕು. ಆಹಾ, ಎಂಥ ಮಾತು! ಇದು ಮನೆಯಲ್ಲೂ ನಡೆದೀತೇ? ಕುತೂಹಲ ತಡೆಯಲಾಗಲಿಲ್ಲ. ಹೆಂಡತಿ ವಿಶಾಲಮ್ಮ ಮೇಳಿಗೆಯ ತವರಿಗೆ ಹೋಗಿದ್ದಳು. ಪಂಚೆ ಎತ್ತಿ ಕಟ್ಟಿ ಅಟ್ಟ ಹತ್ತಿಯೇಬಿಟ್ಟ.

ಮೂಲೆಯಲ್ಲೊಂದು ಭರಣಿ. ಒಳಗೆ ಇದ್ದಿಲಿನಂತೆ ಕಪ್ಪಾದ ನಿಂಬೆಕಾಯಿ ಉಪ್ಪಿನಕಾಯಿ. ಮನೆಯ ಅತಿ ಹಿರಿಯ ಸರಕು! ಸಕಲ ಮರ್ಯಾದೆಯೊಂದಿಗೆ ಸ್ಟೋರಿಗೆ ಹೊತ್ತೊಯ್ದ. ಊಟದ ಹೊತ್ತಿಗೆ ಗೆಳೆಯರೆಲ್ಲ ಚಪ್ಪರಿಸಿದರು. ಅದೇ ಪರೀಕ್ಷೆಗೆ ಕಟ್ಟಿದ್ದ ಹೇರಂಬನಂತೂ ಭರಣಿಯೊಳಗೆ ಕೈಹಾಕಿ ಬಳಿದ. ಮುಂದಿನ ಸರದಿ, ಉಪ್ಪಿನಲ್ಲಿಟ್ಟ ಹೋದ ವರ್ಷದ ಹಲಸಿನ ಸೊಳೆ. ಕೊಂಚ ವಾಸನೆ ಬಂದಿತ್ತು. ಆದರೆ ಶಾಸ್ತ್ರ ಅಂದರೆ ಶಾಸ್ತ್ರ! ಪಲ್ಯ ಮಾಡಿಕೊಂಡು ಮೂಗು ಮುಚ್ಚಿ ತಿಂದ.

ಬೆಂಗಳೂರಿಗೆ ಪರೀಕ್ಷೆಗೆ ಹೊರಡುವ ದಿನವೇ ಹೊಟ್ಟೆ ಕೈಕೊಟ್ಟಿತು. ವಿಶಾಲಮ್ಮ ತವರಿಂದ ಬಂದಾಗ ಗಂಡ ಚೊಂಬು ಹಿಡಿದು ಹಿತ್ತಲಿಗೆ ಓಡುತ್ತಿದ್ದ.

“ಎಂತ ಆಯ್ತ್ರೀ?”

“ಹೊಟ್ಟೆ ಕಣೇ! ಸಂಜೆ ರೈಲು ತಪ್ಪಿದ್ರೆ ನನ್ನ ಕಥೆ ಮುಗೀತು!”

“ಹೆದರ್ಬೇಡಿ. ಅಟ್ಟದ ಮೇಲೆ ಅವ್ವ ಕೊಟ್ಟ ಹಳೇ ನಿಂಬೆಕಾಯಿ ಇದೆಯಲ್ಲ, ಮಜ್ಜಿಗೇಲಿ ಒಂದು ಚೂರು ಕಲಸಿ ಕುಡಿದ್ರೆ ಗಪ್ ಅಂತ ನಿಲ್ಲುತ್ತೆ.”

ಸೀತಾರಾಮಪ್ಪ ಚೊಂಬಿನ ಕಡೆ ನೋಡಿದ. “ಅದು... ಖರ್ಚಾಯ್ತು.”

“ಖರ್ಚಾಯ್ತಾ? ಔಷಧಿಗೆ ಅಂತ ಇಟ್ಟಿದ್ದು! ಹಳೇದಾದಷ್ಟೂ ಒಳ್ಳೇದು ಮಾರಾಯ್ರೆ! ಯಾಕ್ರೀ ಖಾಲಿ ಮಾಡಿದ್ರಿ? ನಿಜ ಹೇಳಿ!”

“ಮೊದಲು ಬಂದ ಸರಕು ಮೊದಲು ಹೊರಗೆ ಹೋಗ್ಬೇಕು. ಇದರಿಂದ ಸರಕು ಕೆಡೋದಿಲ್ಲ...”

“ಆ ಪಾಠ ಬರೆದೋರ ಮನೇಲಿ ಯಾರಿಗೂ ಹೊಟ್ಟೆನೇ ಇಲ್ವಾ?”

ಬೈಯುತ್ತಲೇ ಪಕ್ಕದ ಮನೆ ದುಗ್ಗಮ್ಮನ ಹತ್ತಿರ ಒಂದು ಚೂರು ಹಳೇ ನಿಂಬೆಕಾಯಿ ಬೇಡಿ ತಂದು, ಕಲಸಿ ಕುಡಿಸಿ, ಗಂಡನನ್ನು ರೈಲು ಹತ್ತಿಸಿದಳು. ಭೇದಿಯೇನೋ ನಿಂತಿತು. ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ, ಮೊದಲು ಬಂದ ಸರಕನ್ನು ಮೊದಲು ಕಳಿಸುವ ಪದ್ಧತಿಯ ಅನುಕೂಲಗಳೇನು? ಸೀತಾರಾಮಪ್ಪನಿಗೆ ಹಿತ್ತಲೂ ಚೊಂಬೂ ನೆನಪಾದವು. ರೊಚ್ಚಿಗೆದ್ದು ಪುಟಗಟ್ಟಲೆ ಬರೆದ, ಬರೀ ಅನಾನುಕೂಲ!

ಫಲಿತಾಂಶ ಬಂತು. ಹೇರಂಬ ಪಾಸು, ಸೀತಾರಾಮಪ್ಪ ಫೇಲು! ಇನ್ನು ಆರು ತಿಂಗಳು ಮತ್ತೆ ಅದೇ ಓದು.

“ಇದ್ದ ನಿಜ ಬರೆದೆ ಕಣೇ!” ಎಂದು ಗೋಳಾಡಿದ.

ವಿಶಾಲಮ್ಮ ಹಣೆ ಚಚ್ಚಿಕೊಂಡಳು. “ನಾನು ನಿಜ ಕೇಳಿದ್ರೆ ಪಾಠ ಒಪ್ಪಿಸ್ತೀರಿ, ಅವರು ಪಾಠ ಕೇಳಿದ್ರೆ ನಿಜ ಹೇಳ್ತೀರಿ! ಹೆಂಗ್ರೀ ಪಾಸಾಗೋದು, ಅಲ್ಲೂ ಇಲ್ಲೂ?”