ನನ್ನ ಗರೀಬ್‌ಖಾನೆಯ ಕೀರ್ತಿ

ನಾವಿರುವ ಜಾಗಕ್ಕೆ ಹೆಸರಿಡುವವರು ನಾವಲ್ಲ, ಅದನ್ನು ನೋಡುವವರು. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಕಲಬುರ್ಗಿಯ ಒಂದು ಮುರುಕು ಖೋಲಿಯಲ್ಲಿ ಮೂರು ವರ್ಷ ಇದ್ದು ಕಲಿತೆ. ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮನ ಆಳಿಕೆ ಹೋಗಿ, ನನಗೆ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಇರಲು ಸಿಕ್ಕಿದ್ದು ಮಾತ್ರ ಬಜಾರದ ಹಿಂದಿನ ಹಳೆಯ ಮುಸಾಫಿರ್‌ಖಾನೆ. ಒಂದು ಕಾಲಕ್ಕೆ ಅಲ್ಲಿ ದೂರದ ದಾರಿಹೋಕರು ತಂಗುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಕೆಳಗೆ ವ್ಯಾಪಾರಿಗಳ ಆಡುಗಳಿದ್ದವು, ಮೇಲೆ ನಾನಿದ್ದೆ. ಮಾಲೀಕ ಹುಸೇನಸಾಬರು ಅದನ್ನು ಬಾಯಿ ತುಂಬ ‘ಕೋಠಿ’, ಅಂದರೆ ಬಂಗಲೆ, ಎನ್ನುತ್ತಿದ್ದರು. ಅಂಚೆಯವನಿಗೆ ಅದು ‘ಧರ್ಮಶಾಲೆ’. ಒಮ್ಮೆ ಬಂದು ಒಂದೇ ದಿನವಿದ್ದು ಹೋದ ನಮ್ಮವ್ವ ‘ದನದ ದೊಡ್ಡಿ’ ಎಂದಳು. ಕಚೇರಿಯ ಗೆಳೆಯರು ಇಸ್ಪೀಟು ಆಡಲು ಬರುವಾಗ ‘ನಿನ್ನ ಗೂಡು’ ಎನ್ನುವರು, ಸೋತು ಏಳುವಾಗ ‘ಹಾಳು ಕೊಂಪೆ’ ಎನ್ನುವರು. ನಾನೂ ಕಡಿಮೆಯವನಲ್ಲ, ಊರಿಗೆ ಬರೆಯುವ ಕಾಗದದಲ್ಲಿ ‘ಮಾಳಿಗೆ ಮನೆ’ ಎಂದು ಬರೆಯುತ್ತಿದ್ದೆ. ಅದೇನು ಪೂರ್ತಿ ಸುಳ್ಳಲ್ಲ, ಮಾಳಿಗೆಯ ಮುಕ್ಕಾಲು ಪಾಲು ಇನ್ನೂ ಬಿದ್ದಿರಲಿಲ್ಲ.

ಹೀಗಿರುವಾಗ ಕಮಲಾಪುರಕ್ಕೆ ಹೆಣ್ಣು ನೋಡಲು ಹೋದೆ. ಆ ಊರಿನ ಕೆಂಪು ಬಾಳೆಹಣ್ಣನ್ನು ತಟ್ಟೆಯಲ್ಲಿಟ್ಟುಕೊಂಡು ಬಂದ ನೀಲಮ್ಮ ತಲೆ ತಗ್ಗಿಸಲಿಲ್ಲ, ನೆಟ್ಟಗೆ ನನ್ನ ಮುಖ ನೋಡಿದಳು. ಮದುವೆಯಾದರೆ ಇವಳನ್ನೇ ಆಗಬೇಕು, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಅಲ್ಲೇ ನಿಶ್ಚಯಿಸಿ, ಆ ಸಂಭ್ರಮದಲ್ಲಿ ಹಣ್ಣನ್ನು ಸಿಪ್ಪೆಯ ಸಮೇತ ಕಚ್ಚಿದೆ. ಆಗ ಅವಳ ತಂದೆ ಶರಣಪ್ಪನವರು ಬಾಯಿ ತೆರೆದರು. ಅವರು ನಿಜಾಮನ ಕಾಲದಲ್ಲಿ ಕಚೇರಿಯ ಕಾಗದಪತ್ರ ಬರೆಯುವ ಮುನ್ಶಿಯಾಗಿದ್ದವರು. ಸರ್ಕಾರ ಬದಲಾಗಿತ್ತು, ಅವರ ರಿವಾಜು ಬದಲಾಗಿರಲಿಲ್ಲ. ಹಳೆಯ ಹೈದರಾಬಾದಿ ಮರ್ಯಾದೆಯಲ್ಲಿ ಎದುರಿನವನ ಗುಡಿಸಲೂ ‘ದೌಲತ್‌ಖಾನಾ’, ಅಂದರೆ ಸಿರಿವಂತನ ಮನೆ. ತನ್ನದು ಅರಮನೆಯಾಗಿದ್ದರೂ ‘ಗರೀಬ್‌ಖಾನಾ’, ಬಡವನ ಮನೆ.

“ಕಲಬುರ್ಗ್ಯಾಗ ನಿಮ್ಮ ದೌಲತ್‌ಖಾನಾ ಎಲ್ಲಿ ಅದ್ರಿ?” ಎಂದು ಕೇಳಿದರು.

ಬಾಗಿಲ ಮರೆಯಲ್ಲಿ ನೀಲಮ್ಮನ ಬಳೆಗಳ ಸದ್ದು ಕೇಳುತ್ತಿತ್ತು. ಅವಳಿಗೆ ಮೋಸ ಮಾಡಲು ಮನಸ್ಸು ಒಪ್ಪಲಿಲ್ಲ. “ದೌಲತ್‌ಖಾನಾ ಎಲ್ಲೀದ್ರಿ, ಬಜಾರದ ಹಿಂದ ಒಂದು ಹಾಳು ಕೊಂಪಿ ಅದ,” ಎಂದೆ.

ಶರಣಪ್ಪನವರ ಮುಖ ಅರಳಿತು.

“ಖರೇನೇ ಹೇಳ್ತೀನ್ರಿ. ಒಂದು ಗ್ವಾಡಿ ಬಿದ್ದದ. ಮಲಗಿದ್ರ ಮ್ಯಾಲ ಚುಕ್ಕಿ ಕಾಣಸ್ತಾವ. ಕೆಳಗ ಬರೇ ಆಡು ಅವ.”

ಅವರು ಹೆಂಡತಿಯ ಕಡೆ ತಿರುಗಿ, “ಕೇಳಿದೇನು? ಕೆಳಗ ಆಡು-ಕುರಿ ಕಟ್ಟೂ ಅಷ್ಟು ಜಾಗಾ ಅದಂತ. ಆದ್ರೂ ಮಾತಿನ್ಯಾಗ ಎಷ್ಟು ಅದಬು, ಎಷ್ಟು ವಿನಯ ನೋಡು,” ಎಂದರು. ನಾನು ಕೊಂಪೆ ಎಂದಷ್ಟೂ ಅವರ ಕಣ್ಣಲ್ಲಿ ಅದಕ್ಕೆ ಒಂದೊಂದು ಅಂತಸ್ತು ಏರುತ್ತಿತ್ತು. ಕೊನೆಗೆ ನಾನು ಬೆವರೊರೆಸಿಕೊಂಡು ‘ಇಲಿಗಳೂ ಅವ’ ಎಂದೆ. ಅದಕ್ಕೂ ಅವರು “ಕಾಳು-ಕಡಿ ತುಂಬಿದ ಮನ್ಯಾಗ ಇಲಿ ಇರಬೇಕ್ರಿ,” ಎಂದು ತಲೆದೂಗಿದರು. ಹೆಣ್ಣು ಕೊಡುವ ಮೊದಲು ಹಿರಿಯರು ಬಂದು ಮನೆ ನೋಡುವುದು ನಮ್ಮ ಪದ್ಧತಿ. ಬರುವ ರವಿವಾರವೇ ಬರುವುದಾಗಿ ಹೇಳಿ ನನ್ನನ್ನು ಮೋಟಾರು ಹತ್ತಿಸಿದರು.

ಆ ವಾರ ನಾನು ಅನ್ನ ತಿಂದೆನೋ ಮಣ್ಣು ತಿಂದೆನೋ ನೆನಪಿಲ್ಲ. ಸುಣ್ಣ ಬಳಿದೆ, ಬಳಿದ ಕಡೆ ಗೋಡೆಯೇ ಉದುರಿತು. ಹುಸೇನಸಾಬರು ತಮ್ಮ ಮನೆಯ ಜಮಖಾನೆ ತಂದು ಹಾಸಿ, “ಫಿಕರ್ ಮಾಡಬ್ಯಾಡ್ರಿ, ಕೋಠಿ ನೋಡಿ ಖುಷ್ ಆಗ್ತಾರ,” ಎಂದು ಧೈರ್ಯ ಹೇಳಿದರು. ಆ ಮಾತು ಕೇಳಿ ಇದ್ದ ಧೈರ್ಯವೂ ಹೋಯಿತು.

ರವಿವಾರ ಬೆಳಿಗ್ಗೆ ಶರಣಪ್ಪನವರು ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು, ಆಡುಗಳ ನಡುವೆ ದಾರಿ ಮಾಡಿಕೊಂಡು ಮೇಲೆ ಬಂದರು. ಸುತ್ತ ನೋಡಿದರು. ನಗುತ್ತ, “ಆಳುಗಳು ಇರೂ ಖೋಲಿ ನೋಡಿದಂಗಾತು. ಈಗ ನೀವಿರೂ ಮನಿ ತೋರಸ್ರಿ,” ಎಂದರು.

“ಇದೇ ರೀ,” ಎಂದೆ.

ಅವರು ತಲೆಯೆತ್ತಿ ಮಾಳಿಗೆ ನೋಡಿದರು. ಅವರು ನೋಡಿದ ಕಡೆ ಮಾಳಿಗೆ ಇರಲಿಲ್ಲ, ಆಕಾಶ ಇತ್ತು. ಬಿದ್ದ ಗೋಡೆ ನೋಡಿದರು. ಆಮೇಲೆ ಮೆಲ್ಲಗೆ ಜಮಖಾನೆಯ ಮೇಲೆ ಕೂತರು. ಹೋಯಿತು, ನೀಲಮ್ಮ ಕೈತಪ್ಪಿ ಹೋದಳು ಎಂದುಕೊಂಡೆ. ನನ್ನ ಕಣ್ಣಲ್ಲಿ ನೀರೇ ಬಂತು.

“ಇಡೀ ಆಯುಷ್ಯ ಕಚೇರ್ಯಾಗ ಕಳದೀನಿ,” ಎಂದರು ಕೊನೆಗೆ. “ಇದ್ದದ್ದು ಇದ್ದಂಗ ಹೇಳಿದ ಮನುಷ್ಯಾನ್ನ ಇವತ್ತೇ ನೋಡಿದೆ. ಬ್ಯಾರೆ ಮನಿ ಹಿಡೀರಿ, ಹುಡುಗಿ ಕೊಡ್ತೀನಿ. ಆದ್ರ ನಾನೂ ಒಂದು ಮಾತು ಹೇಳಬೇಕು. ನಮ್ಮ ನೀಲಮ್ಮಗ ಅಡಗಿ ಬರಲ್ಲ. ಸಿಟ್ಟು ಮೂಗಿನ ತುದಿ ಮ್ಯಾಲ. ಯಾರ ಮಾತೂ ಕೇಳಾಕಿ ಅಲ್ಲ.”

ನನಗೆ ಕುಣಿಯಬೇಕೆನ್ನಿಸಿತು. ಎಂಥ ದೊಡ್ಡ ಮನುಷ್ಯರು, ಮುತ್ತಿನಂಥ ಮಗಳನ್ನೂ ಎಷ್ಟು ವಿನಯದಿಂದ ಹೇಳುತ್ತಾರೆ ಎಂದು ಗದ್ಗದನಾಗಿ ಅವರ ಕಾಲು ಮುಟ್ಟಿ ನಮಸ್ಕರಿಸಿದೆ.

ಮದುವೆಯಾದ ಮರುವಾರ, ಹೊಸ ಬಾಡಿಗೆ ಮನೆಯಲ್ಲಿ ಊಟಕ್ಕೆ ಕೂತು, ಬೇಳೆಗೆ ಉಪ್ಪಿಲ್ಲ ಎಂದೆ. ಮುಂದೆ ನಡೆದದ್ದನ್ನು ಇಲ್ಲಿ ಬರೆಯುವಂತಿಲ್ಲ, ನಾನು ಬರೆದದ್ದನ್ನೆಲ್ಲ ಆಕೆ ಓದುತ್ತಾಳೆ. ಅಂದು ಆ ಕೊಂಪೆಯಲ್ಲಿ ನಿಜ ಹೇಳಿದವನು ನಾನೊಬ್ಬನೇ ಅಲ್ಲ ಎಂಬುದಷ್ಟೇ ನನಗೆ ಆಗ ಅರ್ಥವಾಯಿತು.