ಪಾಲಿಹೌಸಿಗೆ ಬಂದ ನೊಣಬಾಕ

ದೊಡ್ಡಬೆಳವಂಗಲದ ಹತ್ತಿರ ನನ್ನದೊಂದು ಪಾಲಿಹೌಸ್ ಇದೆ. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಜರ್ಬೆರಾ ಹೂವು ಬೆಳೆಯುತ್ತೇನೆ. ಪಾಲಿಹೌಸ್ ಇದ್ದವನ ಬಾಗಿಲಿಗೆ ಜನ ಸಾಯುತ್ತಿರುವ ಗಿಡ ತಂದಿಡುವುದು ತಪ್ಪುವುದೇ ಇಲ್ಲ. ತುಳಸಿ ಬಂದಿದೆ, ಕರಿಬೇವು ಬಂದಿದೆ, ಮದುವೆಯಲ್ಲಿ ತಾಂಬೂಲದ ಜೊತೆ ಕೊಟ್ಟ ಸಸಿಗಳೂ ಬಂದಿವೆ. ಈ ಸಲ ನೊಣ ತಿನ್ನುವ ಗಿಡ ಬಂತು.

ತಂದವಳು ಸೊಸೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಆನ್‌ಲೈನಿನಲ್ಲಿ ತರಿಸಿದ್ದಳು. ಅಂಗೈಯಗಲದ ಕುಂಡ, ಆರು ಎಲೆ, ಅದರಲ್ಲಿ ನಾಲ್ಕು ಕಪ್ಪು. ಎಲೆಯ ತುದಿಯಲ್ಲಿ ಹಲ್ಲಿರುವ ಬಾಯಿ.

"ಮಾವ, ವಿಜ್ಞಾನ ಮೇಳದವರೆಗೆ ಉಳಿಸಿಕೊಡಿ. ಇದು ಹೇಗೆ ಹಿಡಿಯುತ್ತೆ ಅಂತ ತೋರಿಸ್ತೀನಿ ಅಂತ ಇಡೀ ಸ್ಕೂಲಿಗೆ ಹೇಳ್ಬಿಟ್ಟಿದ್ದೀನಿ. ಸತ್ತರೆ ಮಕ್ಕಳ ಮುಂದೆ ತಲೆ ಎತ್ತೋಕಾಗಲ್ಲ."

"ಸರಿ," ಎಂದೆ.

1. ನೀರು

ಬೋರ್‌ವೆಲ್ ನೀರಿನ ಉಪ್ಪು ಅದಕ್ಕೆ ಆಗುವುದಿಲ್ಲವಂತೆ. ಮಳೆ ನೀರು ಬೇಕು, ಇಲ್ಲವೇ ಫಿಲ್ಟರ್ ನೀರು. ಮಳೆ ಇರಲಿಲ್ಲ. ಕ್ಯಾನ್ ಹಿಡಿದು ಊರಿನ ಶುದ್ಧ ನೀರಿನ ಘಟಕದ ಮುಂದೆ ಸಾಲಿನಲ್ಲಿ ನಿಂತೆ.

ಮುಂದಿದ್ದವನು ಕೇಳಿದ. "ಏನಣ್ಣ, ನೆಂಟರು ಬಂದವ್ರಾ?"

"ಗಿಡಕ್ಕೆ."

ಅವನು ಕ್ಯಾನನ್ನೂ ನನ್ನನ್ನೂ ನೋಡಿದ. "ನೀನು ಯಾವ ನೀರು ಕುಡೀತೀಯ?"

"ಬೋರ್‌ವೆಲ್‌ದು."

ಅವನು ಸಾಲಿನ ಕಡೆ ತಿರುಗಿ ಕೂಗಿದ. "ಇವರನ್ನ ಮುಂದಕ್ಕೆ ಬಿಡ್ರಪ್ಪಾ. ಪಾಪ, ಮನೇಲಿ ಗಿಡಕ್ಕಿಂತ ಕೆಳಗವ್ರೆ."

2. ಊಟ

ಪಾಲಿಹೌಸಿಗೆ ನಾಲ್ಕೂ ಕಡೆ ಬಲೆ. ಒಂದು ಹುಳ ನುಸುಳದ ಹಾಗೆ ನಾನೇ ನಿಂತು ಹೊಡೆಸಿದ್ದು. ಅದನ್ನೂ ದಾಟಿ ಬಂದವಕ್ಕೆ ಒಳಗೆ ಹಳದಿ ಅಂಟು ಹಾಳೆ. ಗಿಡ ಹಸಿದು ಸಾಯುತ್ತಿದೆ ಎಂದುಕೊಂಡೆ. ಉಪ್ಪಿನಕಾಯಿ ಬಾಟಲಿ ತೊಳೆದುಕೊಂಡು ಪಕ್ಕದ ಮನೆಯವರ ಕೊಟ್ಟಿಗೆಗೆ ಹೋದೆ.

ಆ ಮನೆಯಾಕೆ ಹಾಲು ಕರೆಯುವುದು ನಿಲ್ಲಿಸಿ ನೋಡಿದರು. "ಏನ್ ಮಾಡ್ತಿದೀರಾ ಗೌಡ್ರೇ?"

"ನೊಣ ಹಿಡೀತಿದೀನಿ."

"ಯಾಕೆ?"

"ಪಾಲಿಹೌಸಿಗೆ ಬಿಡೋಕೆ."

ಆಕೆ ಮೆಲ್ಲಗೆ ಎದ್ದು ಗಂಡನನ್ನು ಕರೆದರು. "ರೀ, ಬೇಗ ಬನ್ನಿ. ಗೌಡ್ರ ಮಗನಿಗೆ ಫೋನ್ ಮಾಡಿ."

ಏಳು ನೊಣ ಸಿಕ್ಕಿದವು. ತಂದು ಬಿಟ್ಟೆ. ಆರು ಹೋಗಿ ಹಳದಿ ಹಾಳೆಗೆ ಅಂಟಿಕೊಂಡವು. ಏಳನೆಯದು ನನ್ನ ಮೂಗಿನ ಮೇಲೆ ಕೂತಿತು. ಗಿಡ ಬಾಯಿ ತೆರೆದುಕೊಂಡು ನೋಡುತ್ತಿತ್ತು.

3. ಶ್ರಾವಣ

ಆಮೇಲೆ ಚಿಮಟದಲ್ಲಿ ಹಿಡಿದು ನಾನೇ ತಿನ್ನಿಸಿದೆ. ದಿನಕ್ಕೆ ಮೂರು ನೊಣ, ಬೀಗರಿಗೆ ಬಡಿಸಿದ ಹಾಗೆ. ಐದನೆಯ ಎಲೆಯೂ ಕಪ್ಪಾಯಿತು.

ಅಷ್ಟರಲ್ಲಿ ಶ್ರಾವಣ ಬಂತು. ಹೆಂಡತಿ ಪಾಲಿಹೌಸಿಗೇ ಬಂದು ಹೇಳಿದಳು. "ಈ ತಿಂಗಳು ನಮ್ಮಲ್ಲಿ ಮಾಂಸ ಇಲ್ಲ."

"ಅದು ಗಿಡ ಕಣೇ."

"ತಿನ್ನೋದು ಏನು? ಸೊಪ್ಪಾ?"

ಹಳೆಯ ಸೊಳ್ಳೆ ಪರದೆ ಕತ್ತರಿಸಿ ಗಿಡಕ್ಕೆ ಮುಸುಕು ಹಾಕಿದಳು. ನೀರು ಮಾತ್ರ ಕೊಡಬೇಕೆಂದು ಅಪ್ಪಣೆಯಾಯಿತು. ಹೋಯಿತು, ಇನ್ನು ಸೊಸೆಗೆ ಏನು ಹೇಳಲಿ ಎಂದು ನಿದ್ದೆಗೆಟ್ಟೆ.

ತಿಂಗಳು ಕಳೆದು ಪರದೆ ತೆಗೆದರೆ ಐದು ಹೊಸ ಎಲೆ! ಒಳಗೆಲ್ಲ ಕೆಂಪಗಿನ ಬಾಯಿ! ನಾನು ತಿನ್ನಿಸಿ ತಿನ್ನಿಸಿಯೇ ಕೊಲ್ಲುತ್ತಿದ್ದೆನಂತೆ.

"ನೋಡಿದ್ರಾ ಉಪವಾಸದ ಮಹಿಮೆ?" ಎಂದಳು ಹೆಂಡತಿ. ಆವತ್ತಿನಿಂದ ಸೋಮವಾರ ನನಗೂ ಊಟ ಇಲ್ಲ.

4. ಮೇಳ

ಮೇಳದ ದಿನ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದೆ. ವೇದಿಕೆಯ ಮೇಜಿನ ಮೇಲೆ ಇಟ್ಟರು. ಸೊಸೆಯ ಮುಖ ಅರಳಿತ್ತು.

ಮುಖ್ಯ ಅತಿಥಿ ಆ ಕಡೆಯ ಮುಖಂಡರು. ಮೈಕ್ ಹಿಡಿದರೆ ಒಂದು ಗಂಟೆ ಬಿಡುವುದಿಲ್ಲ. ಹಾರ ಹಾಕಿ ಶಾಲು ಹೊದಿಸಿದರು. ಅವರು ಗಿಡ ನೋಡಲು ಬಗ್ಗಿದರು. ಶಾಲಿನ ಕುಚ್ಚು ಜೋತು ಒಂದು ಬಾಯೊಳಗೆ ಬಿತ್ತು. ಬಾಯಿ ಮುಚ್ಚಿಕೊಂಡಿತು.

"ಅಯ್ಯಯ್ಯೋ, ಹಿಡ್ಕೊಂಡ್ಬಿಡ್ತು!" ಎಂದು ಅವರು ಹಿಂದೆ ಸರಿದರು. ಕುಂಡವೂ ಜೊತೆಗೆ ಸರಿಯಿತು. ಮಕ್ಕಳು ಬೆಂಚು ಹತ್ತಿದರು.

"ಮಾವ!" ಎಂದಳು ಸೊಸೆ. ಇನ್ನೊಂದು ಸಲ ಎಳೆದರೆ ಗಿಡ ಬೇರು ಸಮೇತ ಬರುತ್ತಿತ್ತು.

ವೇದಿಕೆ ಹತ್ತಿದೆ. "ಎಳೀಬೇಡಿ ಸ್ವಾಮಿ. ಒದ್ದಾಡಿದಷ್ಟೂ ಬಿಗಿ ಮಾಡುತ್ತೆ. ಸತ್ತ ನೊಣದ ಹಾಗೆ ಸುಮ್ಮನಿರಿ."

ಅವರು ಬಗ್ಗಿದವರು ಬಗ್ಗಿದ ಹಾಗೇ ನಿಂತರು.

ಹೆಡ್‌ಮಾಸ್ಟರ್ ಕಿವಿಯಲ್ಲಿ ಹೇಳಿದರು. "ಸಾರ್, ಶಾಲು ತೆಗೆದುಬಿಡಿ."

"ಸನ್ಮಾನದ ಶಾಲು ಕಣ್ರೀ. ಭಾಷಣಕ್ಕೆ ಮುಂಚೆ ಯಾರಾದ್ರೂ ತೆಗೀತಾರಾ?"

ಸೊಸೆ ಮೈಕ್ ತೆಗೆದುಕೊಂಡಳು. ಗಿಡ ಹೇಗೆ ಹಿಡಿಯುತ್ತದೆ, ಹಿಡಿದದ್ದನ್ನು ಹೇಗೆ ಬಿಗಿಯುತ್ತದೆ, ಎಲ್ಲವನ್ನೂ ಅವರನ್ನೇ ತೋರಿಸಿ ಪಾಠ ಮಾಡಿದಳು. ಅಂಥ ಚಪ್ಪಾಳೆ ಆ ಶಾಲೆಯಲ್ಲಿ ನಾನು ಕೇಳಿರಲಿಲ್ಲ.

ಚಪ್ಪಾಳೆಯ ನಡುವೆ ಮುಖಂಡರು ತುಟಿ ಅಲ್ಲಾಡಿಸದೆ ಕೇಳಿದರು. "ಯಜಮಾನ್ರೇ, ಎಷ್ಟೊತ್ತಿಗೆ ಬಿಡುತ್ತೆ ಇದು?"

ಇದ್ದದ್ದನ್ನು ಹೇಳಿದೆ.

"ನಾಳೆ ಬೆಳಿಗ್ಗೆ."